ಸ್ಕ್ರಿಪ್ಟ್ ಮುಗೀತಾ, ಕೆಟ್ಟಿತಾ? ಸ್ಕ್ರೀನ್ ರೀಡರ್ ಬಾಯಲ್ಲಿ ಹೇಳಿಸುವ ಬಗೆ

ಒಂದು ಫೋಲ್ಡರ್‌ನಲ್ಲಿರುವ ಇನ್ನೂರು ಫೈಲ್‌ಗಳ ಹೆಸರನ್ನು ಒಂದೇ ಸಲಕ್ಕೆ ಬದಲಿಸುವ ಸ್ಕ್ರಿಪ್ಟ್, ಅಂದರೆ ಒಂದು ಚಿಕ್ಕ ಪ್ರೋಗ್ರಾಂ ಇದೆ ಅಂದುಕೊಳ್ಳಿ. ಹಾಟ್‌ಕೀ (ಅದಕ್ಕೆಂದೇ ಇಟ್ಟ ಕೀ ಜೋಡಣೆ) ಒತ್ತಿದರೆ ಸಾಕು, ಕೆಲಸ ಶುರು. ಪರದೆ ನೋಡುವವರಿಗೆ ಹೆಸರುಗಳು ಒಂದೊಂದಾಗಿ ಬದಲಾಗುವುದು ಕಾಣುತ್ತದೆ. ಎಲ್ಲೋ ನಿಂತುಹೋದರೆ ಅದೂ ಕಾಣುತ್ತದೆ. ಸ್ಕ್ರಿಪ್ಟ್ ಬರೆದವರು ಇದಕ್ಕಾಗಿ ಒಂದು ಸಾಲೂ ಬರೆದಿರುವುದಿಲ್ಲ. ಕಣ್ಣು ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ.

ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಕಣ್ಣು ಕಾಣದವರಿಗೆ ದನಿಯಲ್ಲಿ ಹೇಳುವ ಪ್ರೋಗ್ರಾಂ, ಬಳಸುವವರಿಗೆ ಸಿಗುವುದು ಬರೀ ಮೌನ. ಆ ಮೌನಕ್ಕೆ ನಾಲ್ಕು ಅರ್ಥ ಇರಬಹುದು. ಕೆಲಸ ಮುಗಿದಿದೆ. ಇನ್ನೂ ನಡೆಯುತ್ತಿದೆ. ನಡುವೆ ಕೆಟ್ಟು ನಿಂತಿದೆ. ಅಥವಾ ಹಾಟ್‌ಕೀ ಹತ್ತಲೇ ಇಲ್ಲ. ಯಾವುದು ಅಂತ ತಿಳಿಯಲು ಫೋಲ್ಡರ್‌ಗೆ ಹೋಗಿ, ಬಾಣದ ಕೀ ಒತ್ತುತ್ತಾ ಒಂದೊಂದು ಹೆಸರನ್ನೂ ಕೇಳಬೇಕು. ಉಳಿಸಬೇಕಿದ್ದ ಸಮಯವನ್ನೆಲ್ಲ ಅದೇ ತಿಂದುಹಾಕುತ್ತದೆ. ಇನ್ನೂ ಕೆಟ್ಟ ಸಂಗತಿ ಅಂದರೆ, ಸಂಶಯ ಬಂದು ಹಾಟ್‌ಕೀ ಇನ್ನೊಮ್ಮೆ ಒತ್ತುವುದು. ಕೆಲವು ಸ್ಕ್ರಿಪ್ಟ್‌ಗಳನ್ನು ಎರಡು ಸಲ ಓಡಿಸಿದರೆ ಎರಡು ಪಟ್ಟು ಹಾಳು.

ಸ್ಕ್ರೀನ್ ರೀಡರ್ ಯಾಕೆ ತಾನಾಗಿಯೇ ಹೇಳುವುದಿಲ್ಲ? ಯಾಕಂದರೆ ಅದು ಪರದೆಯ ಚಿತ್ರವನ್ನು ನೋಡಿ ಓದುವುದಿಲ್ಲ. ಆಪರೇಟಿಂಗ್ ಸಿಸ್ಟಂ ಕೊಡುವ ಸುದ್ದಿಗಳನ್ನು ಕೇಳಿಸಿಕೊಳ್ಳುತ್ತಾ ಕೂತಿರುತ್ತದೆ. ಫೋಕಸ್ (ಒತ್ತಿದ ಕೀ ಯಾವುದಕ್ಕೆ ತಲುಪುತ್ತದೋ ಆ ಜಾಗ) ಈ ಬಟನ್‌ಗೆ ಬಂತು, ಈ ಪೆಟ್ಟಿಗೆಯಲ್ಲಿ ಅಕ್ಷರ ಸೇರಿತು, ಹೊಸ ಕಿಟಕಿ ತೆರೆಯಿತು, ಇಂಥವು. ಹಿನ್ನೆಲೆಯಲ್ಲಿ ಓಡುವ ಸ್ಕ್ರಿಪ್ಟ್‌ಗೆ ಕಿಟಕಿಯೂ ಇಲ್ಲ, ಬಟನ್ನೂ ಇಲ್ಲ. ಅದು ಏನು ಮಾಡಿದರೂ ಸ್ಕ್ರೀನ್ ರೀಡರ್ ಕಿವಿಗೆ ಬೀಳುವಂಥ ಸುದ್ದಿ ಹುಟ್ಟುವುದೇ ಇಲ್ಲ. ಹಾಗಾಗಿ ನಾವೇ ಹುಟ್ಟಿಸಬೇಕು.

ಮೊದಲು ಎಲ್ಲರ ಕೈಗೂ ಸಿಗುವುದು ಮೆಸೇಜ್ ಬಾಕ್ಸ್. ಕೆಲಸ ಮುಗಿದ ಮೇಲೆ ‘ಆಯ್ತು’ ಅಂತ ಒಂದು ಪೆಟ್ಟಿಗೆ ಎಬ್ಬಿಸಿದರೆ ಎಲ್ಲ ಸ್ಕ್ರೀನ್ ರೀಡರ್‌ಗಳೂ ಅದನ್ನು ಓದುತ್ತವೆ. ಆದರೆ ಅದು ಫೋಕಸ್ ಕಿತ್ತುಕೊಳ್ಳುತ್ತದೆ. ನೀವು ಪತ್ರ ಟೈಪ್ ಮಾಡುತ್ತಿರುವಾಗ ಪೆಟ್ಟಿಗೆ ಎದ್ದರೆ, ಮುಂದಿನ ಸ್ಪೇಸ್ ಕೀ ‘ಸರಿ’ ಬಟನ್ ಒತ್ತಿಬಿಡುತ್ತದೆ. ಪೆಟ್ಟಿಗೆಯಲ್ಲಿ ಏನಿತ್ತು ಅಂತ ಗೊತ್ತಾಗುವುದೂ ಇಲ್ಲ. ಉತ್ತರ ಬೇಕಾದ ಪ್ರಶ್ನೆ ಇದ್ದರೆ ಮಾತ್ರ ಮೆಸೇಜ್ ಬಾಕ್ಸ್ ಬಳಸಿ. ಸುಮ್ನೆ ಸುದ್ದಿ ಹೇಳಲು ಅದು ಬೇಡ.

ಟೂಲ್‌ಟಿಪ್ (ಪರದೆಯ ಮೇಲೆ ಏಳುವ ಪುಟ್ಟ ಸಂದೇಶ ಪಟ್ಟಿ) ಇನ್ನೊಂದು ಆಸೆ. ವಿಂಡೋಸ್‌ನಲ್ಲಿ ಹಾಟ್‌ಕೀ ಸ್ಕ್ರಿಪ್ಟ್ ಬರೆಯುವ ಆಟೋಹಾಟ್‌ಕೀ ಭಾಷೆಯಲ್ಲಿ ಒಂದೇ ಪದ ಬರೆದರೆ ಟೂಲ್‌ಟಿಪ್ ಬರುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್‌ನಲ್ಲಿ ಟೂಲ್‌ಟಿಪ್ ಓದುವ ಆಯ್ಕೆ ಮೊದಲಿನಿಂದ ಆಫ್ ಆಗಿರುತ್ತದೆ. ಬರೆದವರ ಯಂತ್ರದಲ್ಲಿ ಮಾತಾಡಿದ ಸ್ಕ್ರಿಪ್ಟ್ ಬಳಸುವವರ ಯಂತ್ರದಲ್ಲಿ ಮೂಗನಾಗುವುದು ಹೀಗೆ.

ಆಮೇಲೆ ಬರುವುದು ಸ್ಯಾಪಿ. ಇದು ವಿಂಡೋಸ್ ಜೊತೆಗೇ ಬರುವ, ಪಠ್ಯವನ್ನು ಮಾತಾಗಿಸುವ ವ್ಯವಸ್ಥೆ. ಯಾವ ಸ್ಕ್ರಿಪ್ಟ್ ಭಾಷೆಯಿಂದಲಾದರೂ ಎರಡು ಸಾಲಿನಲ್ಲಿ ಕರೆಯಬಹುದು. ಕೆಲಸ ಮಾಡುತ್ತದೆ ಕೂಡ. ಆದರೆ ಇದು ಸ್ಕ್ರೀನ್ ರೀಡರ್ ಮೂಲಕ ಹೋಗುವುದಿಲ್ಲ, ಅದರ ಪಕ್ಕದಲ್ಲಿ ನಿಂತು ಮಾತಾಡುತ್ತದೆ. ಒಂದೇ ಕಿವಿಗೆ ಎರಡು ದನಿ. ಸ್ಕ್ರೀನ್ ರೀಡರ್ ಬಳಸಿ ಪಳಗಿದವರು ಮಾತಿನ ವೇಗ ತುಂಬಾ ಏರಿಸಿಕೊಂಡಿರುತ್ತಾರೆ. ಸ್ಯಾಪಿ ದನಿ ಬೇರೆ ವೇಗದಲ್ಲಿ, ಬೇರೆ ಗಂಟಲಿನಲ್ಲಿ, ನಿಧಾನವಾಗಿ ಶುರು ಮಾಡುತ್ತದೆ. ಸ್ಕ್ರೀನ್ ರೀಡರ್ ಬಾಯಿ ಮುಚ್ಚಿಸಲು ಕಂಟ್ರೋಲ್ ಕೀ ಒತ್ತುವುದು ಎಲ್ಲರ ರೂಢಿ. ಆ ಕೀ ಸ್ಯಾಪಿ ದನಿಗೆ ತಾಕುವುದೇ ಇಲ್ಲ. ಅದು ತನ್ನ ವಾಕ್ಯ ಮುಗಿಸಿಯೇ ಸುಮ್ಮನಾಗುತ್ತದೆ. ಬ್ರೈಲ್ ಡಿಸ್‌ಪ್ಲೇ (ಅಕ್ಷರಗಳನ್ನು ಬೆರಳಿಗೆ ತಾಕುವ ಚುಕ್ಕಿಗಳಾಗಿ ತೋರಿಸುವ ಸಾಧನ) ಬಳಸುವವರಿಗಂತೂ ಸ್ಯಾಪಿಯಿಂದ ಏನೂ ಬರುವುದಿಲ್ಲ. ಕಿವಿಯೂ ಕೇಳದವರಿಗೆ ಬ್ರೈಲ್ ಒಂದೇ ದಾರಿ ಅನ್ನುವುದು ನೆನಪಿರಲಿ.

ಹಾಗಾದರೆ ಬಳಸುವವರು ಈಗಾಗಲೇ ಕೇಳುತ್ತಿರುವ ದನಿಯಲ್ಲೇ, ಅವರೇ ಇಟ್ಟುಕೊಂಡ ವೇಗದಲ್ಲೇ, ಅವರ ಕೀಗಳಿಗೆ ಬಗ್ಗುವ ಹಾಗೆ ಮಾತಾಡಿಸುವುದು ಹೇಗೆ? ಸ್ಕ್ರೀನ್ ರೀಡರ್‌ಗಳೇ ಇದಕ್ಕೆ ಬಾಗಿಲು ಇಟ್ಟಿವೆ. ಒಂದೊಂದರ ಬಾಗಿಲು ಒಂದೊಂದು ಕಡೆ, ಅಷ್ಟೆ.

ಎನ್‌ವಿಡಿಎಯಿಂದ ಶುರು ಮಾಡೋಣ. 2006ರಲ್ಲಿ ಮೈಕೆಲ್ ಕರ್ರನ್ ಶುರು ಮಾಡಿದ, ದುಡ್ಡಿಲ್ಲದೆ ಸಿಗುವ, ಓಪನ್ ಸೋರ್ಸ್ ಸ್ಕ್ರೀನ್ ರೀಡರ್ ಇದು. ಇದರ ಜೊತೆ ಕಂಟ್ರೋಲರ್ ಕ್ಲೈಂಟ್ ಅನ್ನುವ ಒಂದು ಸಣ್ಣ ಡಿಎಲ್‌ಎಲ್ ಫೈಲ್ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಫಂಕ್ಷನ್‌ಗಳ ಕಟ್ಟು) ಕೊಡುತ್ತಾರೆ. ಅದನ್ನು ನಿಮ್ಮ ಸ್ಕ್ರಿಪ್ಟ್ ಪಕ್ಕದಲ್ಲೇ ಇಟ್ಟು ಹಂಚಬಹುದು. ಎಲ್‌ಜಿಪಿಎಲ್ 2.1 ಪರವಾನಗಿ ಅದಕ್ಕೆ ಒಪ್ಪುತ್ತದೆ. ಒಳಗೆ ಮುಖ್ಯವಾಗಿ ನಾಲ್ಕು ಫಂಕ್ಷನ್. ಎನ್‌ವಿಡಿಎ ಓಡುತ್ತಿದೆಯಾ ಅಂತ ನೋಡುವುದು ಒಂದು. ಪಠ್ಯ ಕೊಟ್ಟು ಮಾತಾಡಿಸುವುದು ಇನ್ನೊಂದು. ಮಾತು ನಿಲ್ಲಿಸುವುದು ಮತ್ತೊಂದು. ಬ್ರೈಲ್‌ನಲ್ಲಿ ಸಂದೇಶ ತೋರಿಸುವುದು ಕೊನೆಯದು. ನಾಲ್ಕೂ ಸರಿಹೋದರೆ ಸೊನ್ನೆ ಕೊಡುತ್ತವೆ. ಎನ್‌ವಿಡಿಎ ಓಡದಿದ್ದರೆ ಸಾಮಾನ್ಯವಾಗಿ 1722 ಬರುತ್ತದೆ. ಆ ಕಡೆ ಕೇಳುವವರು ಯಾರೂ ಇಲ್ಲ ಅನ್ನುವುದಕ್ಕೆ ವಿಂಡೋಸ್ ಕೊಡುವ ಸಂಖ್ಯೆ ಅದು.

ಮೊದಲ ಸಲ ಮಾಡುವವರು ಎಡವುವುದು ಎರಡು ಜಾಗದಲ್ಲಿ. ಒಂದು, ಡಿಎಲ್‌ಎಲ್ 32 ಬಿಟ್‌ನದೋ 64 ಬಿಟ್‌ನದೋ ಅನ್ನುವುದು. ಇಲ್ಲಿ ವಿಂಡೋಸ್ ಎಷ್ಟು ಬಿಟ್ ಅನ್ನುವುದು ಲೆಕ್ಕಕ್ಕಿಲ್ಲ, ಎನ್‌ವಿಡಿಎ ಎಷ್ಟು ಅನ್ನುವುದೂ ಲೆಕ್ಕಕ್ಕಿಲ್ಲ. ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ ಎಷ್ಟೋ ಡಿಎಲ್‌ಎಲ್ಲೂ ಅಷ್ಟೇ ಇರಬೇಕು. 64 ಬಿಟ್ ಪೈಥಾನ್‌ಗೆ 32 ಬಿಟ್ ಫೈಲ್ ಕೊಟ್ಟರೆ 193 ಅನ್ನುವ ಎರರ್ ಬಂದು, ‘ಇದು ಸರಿಯಾದ ವಿನ್32 ಪ್ರೋಗ್ರಾಂ ಅಲ್ಲ’ ಅನ್ನುತ್ತದೆ. ಫೈಲೇ ಕೆಟ್ಟಿದೆ ಅಂತ ತಿಳಿದು ಮತ್ತೆ ಮತ್ತೆ ಡೌನ್‌ಲೋಡ್ ಮಾಡುವವರಿದ್ದಾರೆ.

ಎರಡನೆಯದು ಅಕ್ಷರ. ಆ ಫಂಕ್ಷನ್‌ಗಳಿಗೆ ಬೇಕಾದದ್ದು ಯೂನಿಕೋಡ್‌ನ 16 ಬಿಟ್ ರೂಪ. ಪೈಥಾನ್‌ನಿಂದ ಡಿಎಲ್‌ಎಲ್ ಕರೆಯಲು ಬಳಸುವ ಸಿಟೈಪ್ಸ್‌ನಲ್ಲಿ ಮಾಮೂಲಿ ಸ್ಟ್ರಿಂಗ್ ಕೊಟ್ಟರೆ ತಾನಾಗಿಯೇ ಸರಿಹೋಗುತ್ತದೆ, ಬೈಟ್ಸ್ ಕೊಟ್ಟರೆ ಕಲಸುಮೇಲೋಗರ. ಆಟೋಹಾಟ್‌ಕೀಯಲ್ಲಿ ವೈಡ್ ಸ್ಟ್ರಿಂಗ್ ಅಂತ ಹೇಳಿ ಕಳಿಸಬೇಕು. ಕನ್ನಡದಲ್ಲಿ ಸಂದೇಶ ಬರೆಯುವವರಿಗೆ ಇನ್ನೊಂದು ಮಾತು. ಆಟೋಹಾಟ್‌ಕೀಯ ಮೊದಲ ಆವೃತ್ತಿ ಮತ್ತು ಪವರ್‌ಶೆಲ್ 5.1, ಎರಡೂ ಬಿಒಎಂ (ಇದು ಯೂನಿಕೋಡ್ ಅಂತ ಫೈಲಿನ ಮೊದಲಲ್ಲೇ ತಿಳಿಸುವ) ಗುರುತು ಇಲ್ಲದ ಯುಟಿಎಫ್-8 ಫೈಲನ್ನು ಹಳೇ ಕೋಡ್‌ಪೇಜ್ (ಯೂನಿಕೋಡ್‌ಗೆ ಮುಂಚಿನ ಅಕ್ಷರ ಪಟ್ಟಿ) ಅಂತ ತಿಳಿದು ಓದುತ್ತವೆ. ‘ಆಯ್ತು’ ಅನ್ನುವ ಬದಲು ಏನೇನೋ ಚಿಹ್ನೆಗಳ ಹೆಸರು ಕೇಳಿಸುತ್ತದೆ. ಫೈಲ್ ಉಳಿಸುವಾಗ ಬಿಒಎಂ ಸೇರಿಸಿ. ಆಟೋಹಾಟ್‌ಕೀಯ ಎರಡನೇ ಆವೃತ್ತಿಗೆ ಈ ರಗಳೆ ಇಲ್ಲ. ಇಷ್ಟೆಲ್ಲ ಸರಿಯಿದ್ದರೂ, ಬಳಸುವವರು ಇಟ್ಟುಕೊಂಡ ದನಿಗೆ ಕನ್ನಡ ಬರಬೇಕು ಅಲ್ವಾ? ಎನ್‌ವಿಡಿಎ ಜೊತೆ ಬರುವ ಈಸ್ಪೀಕ್ ಎನ್‌ಜಿ ಅನ್ನುವ ದನಿಗೆ ಬರುತ್ತದೆ. ಬರೀ ಇಂಗ್ಲಿಷ್ ಕಲಿತ ದನಿಗೆ ಬರುವುದಿಲ್ಲ. ಸಂದೇಶಗಳನ್ನು ಒಂದೇ ಕಡೆ ಒಟ್ಟಿಗೆ ಬರೆದಿಟ್ಟರೆ ಭಾಷೆ ಬದಲಿಸುವುದು ಸುಲಭ.

ಜಾಸ್ ಅನ್ನುವ ಸ್ಕ್ರೀನ್ ರೀಡರ್ ಹಳೇ ಹುಲಿ. 1989ರಲ್ಲಿ ಡಾಸ್ ಕಾಲದಲ್ಲೇ ಬಂದದ್ದು. ಇದಕ್ಕೆ ಡಿಎಲ್‌ಎಲ್ ಹೊತ್ತುಕೊಂಡು ಹೋಗಬೇಕಿಲ್ಲ. ಜಾಸ್ ಇನ್‌ಸ್ಟಾಲ್ ಆಗಿದ್ದರೆ ಅದರ ಕಾಂ ಆಬ್ಜೆಕ್ಟ್ (ಬೇರೆ ಪ್ರೋಗ್ರಾಂಗಳು ಅದನ್ನು ಕರೆಯಲು ವಿಂಡೋಸ್‌ನಲ್ಲಿರುವ ದಾರಿ) ಸಿಸ್ಟಂನಲ್ಲೇ ಇರುತ್ತದೆ. ಅದನ್ನು ತೆರೆದು ‘ಸೇ ಸ್ಟ್ರಿಂಗ್’ ಅನ್ನುವ ಮೆಥಡ್‌ಗೆ ಎರಡು ಸಂಗತಿ ಕೊಡಬೇಕು. ಹೇಳಬೇಕಾದ ಪಠ್ಯ, ಮತ್ತು ಈಗ ನಡೆಯುತ್ತಿರುವ ಮಾತನ್ನು ತಡೆಯಬೇಕಾ ಬೇಡವಾ ಅನ್ನುವುದು. ಬ್ರೈಲ್‌ಗೆ ನೇರ ಮೆಥಡ್ ಇಲ್ಲ. ಜಾಸ್‌ನ ಒಳಗಿನ ಸ್ಕ್ರಿಪ್ಟ್ ಭಾಷೆಯ ಬ್ರೈಲ್ ಫಂಕ್ಷನ್ನನ್ನು ಹೊರಗಿನಿಂದ ಕರೆಸಬೇಕು. ಪಠ್ಯವನ್ನು ಉದ್ಧರಣ ಚಿಹ್ನೆಯೊಳಗೆ ಕಳಿಸುವುದರಿಂದ, ಸಂದೇಶದಲ್ಲೇ ಆ ಚಿಹ್ನೆ ಇದ್ದರೆ ಕರೆ ಮುರಿದುಬೀಳುತ್ತದೆ. ಕಳಿಸುವ ಮುಂಚೆ ತೆಗೆದುಹಾಕಿ.

ಇಲ್ಲೊಂದು ಮೋಸ ಇದೆ. ಜಾಸ್ ಇನ್‌ಸ್ಟಾಲ್ ಆಗಿದ್ದು ಓಡದೇ ಇರುವಾಗಲೂ ಆ ಕಾಂ ಆಬ್ಜೆಕ್ಟ್ ತೆರೆದುಕೊಳ್ಳುತ್ತದೆ. ಆಬ್ಜೆಕ್ಟ್ ಸಿಕ್ಕಿತು, ಜಾಸ್ ಇದೆ ಅಂತ ಸ್ಕ್ರಿಪ್ಟ್ ನಂಬಿ ಅದಕ್ಕೇ ಹೇಳುತ್ತಾ ಕೂರುತ್ತದೆ. ಆಚೆ ಓಡುತ್ತಿರುವುದು ಎನ್‌ವಿಡಿಎ. ಹಾಗಾಗಿ ಜಾಸ್‌ನ ಕಿಟಕಿ ನಿಜವಾಗಿ ಇದೆಯಾ ಅಂತ ಮೊದಲು ಹುಡುಕಬೇಕು.

ಯಾವುದಾದರೂ ಸ್ಕ್ರೀನ್ ರೀಡರ್ ಓಡುತ್ತಿದೆಯಾ ಅಂತ ವಿಂಡೋಸ್‌ನ್ನೇ ಕೇಳಬಹುದಲ್ಲ ಅನ್ನಿಸಬಹುದು. ಅದಕ್ಕೊಂದು ಗುರುತು ಇದೆ ನಿಜ. ಎನ್‌ವಿಡಿಎ, ಜಾಸ್ ಎರಡೂ ಅದನ್ನು ಏರಿಸುತ್ತವೆ. ಆದರೆ ವಿಂಡೋಸ್‌ನ ಸ್ವಂತ ಮಗುವಾದ ಸ್ಕ್ರೀನ್ ರೀಡರ್ ನರೇಟರ್ ಅದನ್ನು ಏರಿಸುವುದಿಲ್ಲ ಅಂತ ಮೈಕ್ರೋಸಾಫ್ಟ್ ದಾಖಲೆಯೇ ಹೇಳುತ್ತದೆ. ಆ ಗುರುತು ನೋಡಿ ಯಾರೂ ಇಲ್ಲ ಅಂತ ತೀರ್ಮಾನಿಸಿದರೆ ನರೇಟರ್ ಬಳಸುವವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ.

ನರೇಟರ್‌ಗೆ ‘ಇದನ್ನು ಹೇಳು’ ಅಂತ ನೇರವಾಗಿ ಕೊಡುವ ಬಾಗಿಲು ಇಲ್ಲ. ಅಲ್ಲಿಗೆ ಹೋಗುವುದು ಯುಐ ಆಟೋಮೇಷನ್, ಅಂದರೆ ಪ್ರೋಗ್ರಾಂಗಳ ಸುದ್ದಿಯನ್ನು ಸ್ಕ್ರೀನ್ ರೀಡರ್‌ಗೆ ತಲುಪಿಸುವ ವಿಂಡೋಸ್ ವ್ಯವಸ್ಥೆಯ ಮೂಲಕ. 2017ರ ವಿಂಡೋಸ್ 10ರ 1709 ಆವೃತ್ತಿಯಲ್ಲಿ ನೋಟಿಫಿಕೇಷನ್ ಈವೆಂಟ್ ಅನ್ನುವುದನ್ನು ಸೇರಿಸಿದರು. ಇದರಲ್ಲಿ ನೀವು ಸ್ಕ್ರೀನ್ ರೀಡರ್ ಹೆಸರು ಹಿಡಿದು ಕರೆಯುವುದಿಲ್ಲ. ‘ಕೆಲಸ ಮುಗಿಯಿತು’, ‘ಕೆಲಸ ನಿಂತುಹೋಯಿತು’ ಅನ್ನುವ ಬಗೆಯ ಸುದ್ದಿಯನ್ನು ಸಿಸ್ಟಂಗೆ ಕೊಡುತ್ತೀರಿ. ಯಾವ ಸ್ಕ್ರೀನ್ ರೀಡರ್ ಇದೆಯೋ ಅದು ಎತ್ತಿಕೊಳ್ಳುತ್ತದೆ. ಸುದ್ದಿಗಳು ರಾಶಿ ಬಿದ್ದರೆ ಎಲ್ಲವನ್ನೂ ಓದಬೇಕಾ, ಕೊನೆಯದನ್ನು ಮಾತ್ರವಾ ಅಂತಲೂ ಹೇಳಬಹುದು. ಕೇಳಲು ಇದೇ ಎಲ್ಲಕ್ಕಿಂತ ಚಂದದ ದಾರಿ. ಸ್ವಂತ ಕಿಟಕಿ ಇರುವ ಆ್ಯಪ್‌ಗೆ ನಿಜಕ್ಕೂ ಹೌದು.

ಆದರೆ ಹಾಟ್‌ಕೀ ಸ್ಕ್ರಿಪ್ಟ್‌ಗೆ ಈ ದಾರಿ ಹೊಂದುವುದಿಲ್ಲ. ಈ ಸುದ್ದಿ ಯಾವುದಾದರೂ ಕಿಟಕಿಯಿಂದಲೇ ಹೊರಡಬೇಕು. ಮೇಲಾಗಿ ಎನ್‌ವಿಡಿಎ, ಫೋಕಸ್ ಇಲ್ಲದ ಪ್ರೋಗ್ರಾಂನಿಂದ ಬಂದ ಇಂಥ ಸುದ್ದಿಯನ್ನು ಬೇಕೆಂದೇ ಬಿಟ್ಟುಬಿಡುತ್ತದೆ. ಅದಕ್ಕೂ ಕಾರಣ ಇದೆ. ಹಿಂದೆ ಓಡುವ ಪ್ರತಿಯೊಂದು ಪ್ರೋಗ್ರಾಮೂ ಬಾಯಿ ಹಾಕಿದರೆ ಕೇಳುವವರ ಗತಿ ಏನು? ನಿಮ್ಮ ಸ್ಕ್ರಿಪ್ಟ್ ಇರುವುದೇ ಹಿಂದೆ. ಹಾಗಾಗಿ ಎನ್‌ವಿಡಿಎ, ಜಾಸ್‌ಗೆ ಅವುಗಳದೇ ನೇರ ಬಾಗಿಲು, ನರೇಟರ್‌ಗೆ ವಿಂಡೋಸ್‌ನ ಮಾಮೂಲಿ ನೋಟಿಫಿಕೇಷನ್, ಅಂದರೆ ಮೂಲೆಯಲ್ಲಿ ಏಳುವ ಟೋಸ್ಟ್. ನನ್ನ ಮಟ್ಟಿಗೆ ಕೆಲಸಕ್ಕೆ ಬರುವ ಜೋಡಣೆ ಇದು. ಟೋಸ್ಟ್ ಫೋಕಸ್ ಕೀಳುವುದಿಲ್ಲ, ಸ್ಕ್ರೀನ್ ರೀಡರ್‌ಗಳು ಓದುತ್ತವೆ, ಆಮೇಲೆ ನೋಟಿಫಿಕೇಷನ್ ಪಟ್ಟಿಯಲ್ಲೂ ಉಳಿದಿರುತ್ತದೆ. ಅರ್ಧ ಗಂಟೆ ಓಡುವ ಬ್ಯಾಕಪ್ ಮುಗಿಯಿತು ಅನ್ನುವಂಥ ಸುದ್ದಿಗೆ ಯಾವ ಸ್ಕ್ರೀನ್ ರೀಡರ್ ಇದ್ದರೂ ಟೋಸ್ಟೇ ಸರಿ. ಕೀ ಒತ್ತಿದ ತಕ್ಷಣ ಬರಬೇಕಾದ ಉತ್ತರಕ್ಕೆ ಅದು ನಿಧಾನ.

ಇಷ್ಟೊಂದು ಬಾಗಿಲು ಒಬ್ಬರೇ ತಟ್ಟುವುದು ಬೇಡ ಅಂತಾದರೆ ಟೋಲ್ಕ್ ಅನ್ನುವ ಲೈಬ್ರರಿ ಇದೆ. ಯಾವ ಸ್ಕ್ರೀನ್ ರೀಡರ್ ಓಡುತ್ತಿದೆ ಅಂತ ಅದೇ ನೋಡಿಕೊಂಡು, ಮಾತು ಮತ್ತು ಬ್ರೈಲ್ ಎರಡನ್ನೂ ಒಂದೇ ಕರೆಯಲ್ಲಿ ಕಳಿಸುತ್ತದೆ. ಯಾವುದೂ ಇಲ್ಲದಿದ್ದರೆ ಸ್ಯಾಪಿಗೆ ಹೋಗು ಅಂತಲೂ ಹೇಳಬಹುದು. ಪೈಥಾನ್‌ನಲ್ಲಿ ಇಂಥದ್ದೇ ಕೆಲಸಕ್ಕೆ ಆಕ್ಸೆಸಿಬಲ್ ಔಟ್‌ಪುಟ್ 2 ಇದೆ. ಕಣ್ಣು ಕಾಣದವರು ಕಿವಿಯಲ್ಲೇ ಆಡುವ ಆಡಿಯೋ ಗೇಮ್ ಮಾಡುವವರು ಇಂಥ ಲೈಬ್ರರಿಗಳನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಸ್ಯಾಪಿಗೆ ಜಾಗ ಇರುವುದು ಇಲ್ಲಿ, ಬೇರೆ ಯಾರೂ ಇಲ್ಲದಾಗ.

ಮ್ಯಾಕ್‌ನಲ್ಲಿ ವಾಯ್ಸ್‌ಓವರ್ ಅನ್ನುವ ಸ್ಕ್ರೀನ್ ರೀಡರ್ ಇದೆ, ಅದಕ್ಕೆ ಆಪಲ್‌ಸ್ಕ್ರಿಪ್ಟ್‌ನಿಂದ ‘ಔಟ್‌ಪುಟ್’ ಅನ್ನುವ ಆಜ್ಞೆ ಕೊಟ್ಟರೆ ಹೇಳುತ್ತದೆ. ಆದರೆ ವಾಯ್ಸ್‌ಓವರ್ ಯುಟಿಲಿಟಿಯಲ್ಲಿ ಆಪಲ್‌ಸ್ಕ್ರಿಪ್ಟ್‌ಗೆ ಅನುಮತಿ ಕೊಟ್ಟಿರಬೇಕು. ಅದು ಮೊದಲಿನಿಂದ ಆಫ್. ಟರ್ಮಿನಲ್‌ನ ‘ಸೇ’ ಆಜ್ಞೆ ಸುಲಭ, ಆದರೆ ಅದು ಸ್ಯಾಪಿಯ ಅಣ್ಣತಮ್ಮ. ಪಕ್ಕದಲ್ಲಿ ನಿಂತು ಮಾತಾಡುವ ಎರಡನೇ ದನಿ.

ಲಿನಕ್ಸ್‌ನಲ್ಲಿ ಓರ್ಕಾ ಸ್ಕ್ರೀನ್ ರೀಡರ್ ತನ್ನ ಮಾತನ್ನು ಸ್ಪೀಚ್ ಡಿಸ್ಪ್ಯಾಚರ್ ಅನ್ನುವ ನಡುವಿನ ಸೇವೆಗೆ ಕೊಡುತ್ತದೆ. ಶೆಲ್ ಸ್ಕ್ರಿಪ್ಟ್‌ನಿಂದ ನೀವೂ ಅದೇ ಸೇವೆಗೆ ಒಂದು ಸಾಲಿನಲ್ಲಿ ಕೊಡಬಹುದು. ವೇಗ, ದನಿ ಓರ್ಕಾದಂತೆಯೇ ಇರಬೇಕೆಂದಿಲ್ಲ, ಆದರೆ ಸರದಿ ಒಂದೇ ಕಡೆ ಇರುವುದರಿಂದ ಇಬ್ಬರೂ ಒಟ್ಟಿಗೆ ಕೂಗುವುದು ತಪ್ಪುತ್ತದೆ. ಈ ಸೇವೆಯಲ್ಲಿ ನನಗೆ ಹಿಡಿಸಿದ್ದು ಅದರ ಐದು ದರ್ಜೆಗಳು. ಪ್ರತಿ ಮಾತಿಗೂ ಒಂದು ದರ್ಜೆ ಹೇಳಬೇಕು. ‘ಮುಖ್ಯ’ ಅಂದರೆ ಏನೇ ಆದರೂ ಹೇಳಿಯೇ ತೀರುತ್ತದೆ. ‘ಸೂಚನೆ’ ಅಂದರೆ ಬೇರೆ ಮಾತು ನಡೆಯುತ್ತಿದ್ದರೆ ಬಿಟ್ಟುಬಿಡುತ್ತದೆ. ‘ಪ್ರಗತಿ’ ಕೂಡ ಹಾಗೇ, ಆದರೆ ಸಾಲಿನಲ್ಲಿ ಕೊನೆಯದನ್ನು ಮಾತ್ರ ತಪ್ಪದೆ ಹೇಳಲು ನೋಡುತ್ತದೆ. 37, 38, 39 ಶೇಕಡಾ ಯಾರಿಗೂ ಬೇಡ, 100 ಬೇಕು. ಉಳಿದ ಎರಡು ದರ್ಜೆ ಮಾಮೂಲಿ ಪಠ್ಯಕ್ಕೆ, ಸಂದೇಶಕ್ಕೆ. ಯಾವ ಸಿಸ್ಟಂನಲ್ಲಿ ಸ್ಕ್ರಿಪ್ಟ್ ಬರೆದರೂ ಈ ದರ್ಜೆ ವಿಚಾರವನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಯಾಕಂದರೆ ಮಾತಾಡಿಸುವುದು ನಿಜಕ್ಕೂ ಕಷ್ಟದ ಭಾಗ ಅಲ್ಲ. ಸರಿಯಾದ ಹೊತ್ತಿಗೆ ಮಾತಾಡಿಸುವುದು ಕಷ್ಟ.

ಕಣ್ಣಿಗೆ ಹತ್ತು ಸಂಗತಿ ಒಟ್ಟಿಗೆ ಕಾಣಬಹುದು. ಕಿವಿಗೆ ಒಂದಾದ ಮೇಲೆ ಒಂದು. ಸ್ಕ್ರೀನ್ ರೀಡರ್‌ಗೆ ಹೇಳಲು ತನ್ನದೇ ಮಾತುಗಳಿರುತ್ತವೆ. ಅದರ ನಡುವೆ ನಿಮ್ಮ ಸ್ಕ್ರಿಪ್ಟ್ ಜಾಗ ಕೇಳುತ್ತಿದೆ. ಎನ್‌ವಿಡಿಎಯ ಮಾತಾಡಿಸುವ ಫಂಕ್ಷನ್ ಯಾರನ್ನೂ ತಡೆಯುವುದಿಲ್ಲ, ಸಾಲಿನ ಕೊನೆಗೆ ನಿಲ್ಲುತ್ತದೆ. ಮುಂದೆ ದೊಡ್ಡ ಪ್ಯಾರಾ ಓದುತ್ತಿದ್ದರೆ ನಿಮ್ಮ ‘ಆಯ್ತು’ ಅದು ಮುಗಿದ ಮೇಲೆ. ತಕ್ಷಣ ಹೇಳಬೇಕಿದ್ದರೆ ಮೊದಲು ಮಾತು ನಿಲ್ಲಿಸುವ ಫಂಕ್ಷನ್ ಕರೆದು, ಆಮೇಲೆ ಮಾತಾಡಿಸಬೇಕು. ಹಾಗೆ ನಿಲ್ಲಿಸಿದ ಮಾತು ಹೋಯಿತು, ವಾಪಸ್ ಬರುವುದಿಲ್ಲ. 2024.1 ಆವೃತ್ತಿಯಲ್ಲಿ ಇದಕ್ಕೊಂದು ಮಧ್ಯದ ದಾರಿ ಬಂದಿದೆ. ಎಸ್‌ಎಸ್‌ಎಂಎಲ್ (ಹೇಗೆ ಹೇಳಬೇಕು ಅನ್ನುವ ಗುರುತುಗಳಿರುವ ಪಠ್ಯ) ರೂಪದಲ್ಲಿ ಪಠ್ಯ ಕೊಟ್ಟು, ಜೊತೆಗೆ ‘ಈಗಲೇ’ ಅನ್ನುವ ಆದ್ಯತೆ ಹೇಳಿದರೆ, ನಡೆಯುತ್ತಿರುವ ಮಾತನ್ನು ತಡೆದು ನಿಮ್ಮದನ್ನು ಹೇಳಿ, ತಡೆದದ್ದನ್ನು ಮತ್ತೆ ಮುಂದುವರಿಸುತ್ತದೆ.

ಯಾವಾಗ ತಡೆಯಬೇಕು? ಬಳಸುವವರು ಈಗಷ್ಟೇ ಕೀ ಒತ್ತಿ ಕೇಳಿದ ಉತ್ತರವಾದರೆ ತಡೆಯಿರಿ. ಅವರು ಅದಕ್ಕೇ ಕಾಯುತ್ತಿದ್ದಾರೆ. ತಾನಾಗಿ ಬರುವ ಸುದ್ದಿಯಾದರೆ ಸಾಲಿನಲ್ಲಿ ನಿಲ್ಲಿ. ಡೇಟಾ ಕಳೆದುಹೋಗುವಂಥ ಸಂಗತಿ ಮಾತ್ರ ಇದಕ್ಕೆ ಹೊರತು.

ಇನ್ನು ಎಷ್ಟೋ ಸ್ಕ್ರಿಪ್ಟ್‌ಗಳ ಮಾತು ಅರ್ಧಕ್ಕೇ ಸಾಯುವುದು ಯಾಕೆ ಅಂತ ಹತ್ತಿರದಿಂದ ನೋಡೋಣ. ಕಂಟ್ರೋಲ್, ಆಲ್ಟ್, ಆರ್ ಒಟ್ಟಿಗೆ ಒತ್ತಿದರೆ ಕ್ಲಿಪ್‌ಬೋರ್ಡ್‌ನಲ್ಲಿರುವ ಪಠ್ಯ ಚೊಕ್ಕ ಮಾಡಿ ಈಗಿನ ಜಾಗದಲ್ಲಿ ಅಂಟಿಸಿ, ‘ಅಂಟಿಸಿದೆ’ ಅನ್ನುವ ಒಂದು ಆಟೋಹಾಟ್‌ಕೀ ಸ್ಕ್ರಿಪ್ಟ್ ಇದೆ. ನೀವು ಮೂರೂ ಕೀ ಒತ್ತಿದ್ದೀರಿ, ಬೆರಳು ಇನ್ನೂ ಮೇಲೆದ್ದಿಲ್ಲ. ಸ್ಕ್ರಿಪ್ಟ್ ಅಂಟಿಸಲು ಕಂಟ್ರೋಲ್ ವಿ ಕಳಿಸಬೇಕು. ನೀವು ಆಲ್ಟ್ ಹಿಡಿದಿರುವುದರಿಂದ ಅದನ್ನು ತಾನೇ ಬಿಡಿಸಿ, ವಿ ಕಳಿಸಿ, ಹಿಡಿದಿದ್ದ ಕೀಗಳನ್ನು ಮತ್ತೆ ಒತ್ತಿದಂತೆ ಮಾಡುತ್ತದೆ. ಇದೆಲ್ಲ ಎನ್‌ವಿಡಿಎಗೂ ಕೇಳಿಸುತ್ತದೆ. ಸ್ಕ್ರಿಪ್ಟ್ ಕಳಿಸಿದ ಕೀಯನ್ನೂ ಅದು ಮಾಮೂಲಿಯಾಗಿ ನಿಮ್ಮದೇ ಬೆರಳಿನ ಕೀ ಅಂತಲೇ ನೋಡುತ್ತದೆ. ಕಂಟ್ರೋಲ್ ಕೀ ಅಂದರೆ ಅದರ ಲೆಕ್ಕದಲ್ಲಿ ‘ಬಾಯಿ ಮುಚ್ಚು’. ‘ಅಂಟಿಸಿದೆ’ ಅನ್ನುವುದು ಶುರುವಾದ ಮೇಲೆ ಇಂಥ ಒಂದು ಕೀ ಬಂದರೆ ‘ಅಂ’ ಅಂದು ನಿಂತುಹೋಗುತ್ತದೆ.

ಪರಿಹಾರ ಸರಳ. ಹಾಟ್‌ಕೀಯ ಕೀಗಳೆಲ್ಲ ಬಿಡುವವರೆಗೂ ಸ್ಕ್ರಿಪ್ಟ್ ಕಾಯಲಿ. ಆಮೇಲೆ ಕೀ ಕಳಿಸುವ ಕೆಲಸ ಎಲ್ಲ ಮುಗಿಸಲಿ. ಮಾತು ಕೊನೆಗೆ. ಮಾತಾಡಿದ ಮೇಲೆ ಕೀ ಕಳಿಸಬಾರದು.

ಫೋಕಸ್ ಬದಲಾದರೂ ಇದೇ ಕತೆ. ಸ್ಕ್ರಿಪ್ಟ್ ಒಂದು ಕಿಟಕಿ ತೆರೆದು, ತಕ್ಷಣ ‘ವರದಿ ತೆರೆದಿದೆ’ ಅಂದರೆ, ಆ ಹೊತ್ತಿಗೆ ಕಿಟಕಿಗೆ ಫೋಕಸ್ ಬಂದು ಸ್ಕ್ರೀನ್ ರೀಡರ್ ಹಳೆಯ ಮಾತನ್ನೆಲ್ಲ ಬಿಟ್ಟು ಕಿಟಕಿಯ ಹೆಸರು ಹೇಳಲು ಶುರು ಮಾಡುತ್ತದೆ. ನಿಮ್ಮ ಮಾತು ಕಸ. ಕಿಟಕಿ ಸಕ್ರಿಯವಾಯಿತಾ ಅಂತ ಕಾದು, ಇನ್ನೊಂದು ಚೂರು ಬಿಟ್ಟು ಮಾತಾಡಿಸಬೇಕು. ಅದಕ್ಕಿಂತ ಒಳ್ಳೆಯದು ಅಂದರೆ ಸುಮ್ಮನಿರುವುದು. ಕಿಟಕಿಯ ಹೆಸರನ್ನು ಸ್ಕ್ರೀನ್ ರೀಡರ್ ಹೇಳುತ್ತಲ್ಲ, ಅದೇ ಉತ್ತರ. ಎರಡು ಸಲ ಯಾಕೆ?

ಬೇಡದ ಮಾತು ಇನ್ನೊಂದು ದಾರಿಯಲ್ಲೂ ನುಸುಳುತ್ತದೆ. ಉದ್ದದ ಪಠ್ಯವನ್ನು ಒಂದೊಂದೇ ಕೀಯಾಗಿ ಟೈಪ್ ಮಾಡಿಸುವ ಸ್ಕ್ರಿಪ್ಟ್ ಇದ್ದರೆ, ಟೈಪ್ ಮಾಡಿದ ಅಕ್ಷರ ಹೇಳುವ ಆಯ್ಕೆ ಆನ್ ಇರುವವರಿಗೆ ಅಷ್ಟೂ ಅಕ್ಷರ ಗಡಗಡ ಕೇಳಿಸುತ್ತದೆ. ಕ್ಲಿಪ್‌ಬೋರ್ಡ್‌ಗೆ ಹಾಕಿ ಒಂದೇ ಸಲ ಅಂಟಿಸಿ. ಕನ್ಸೋಲ್ (ಬರೀ ಅಕ್ಷರದಲ್ಲಿ ಕೆಲಸ ನಡೆಯುವ ಕಿಟಕಿ) ಸ್ಕ್ರಿಪ್ಟ್‌ಗಳಲ್ಲಿ ತಿರುಗುವ ಗೆರೆ, ಚುಕ್ಕಿ ಚುಕ್ಕಿ ಬೆಳೆಯುವ ಪಟ್ಟಿ, ಒಂದೇ ಸಾಲನ್ನು ಅಳಿಸಿ ಬರೆಯುವ ಶೇಕಡಾವಾರು ಇವೆಲ್ಲ ಕಣ್ಣಿಗೆ ಸೊಗಸು, ಕಿವಿಗೆ ಹಿಂಸೆ. ಕನ್ಸೋಲ್ ಎದುರಿಗಿದ್ದರೆ ಅಲ್ಲಿ ಬರುವ ಹೊಸ ಪಠ್ಯವನ್ನು ಸ್ಕ್ರೀನ್ ರೀಡರ್ ತಾನೇ ಓದುತ್ತದೆ. ಅಂಥ ಸ್ಕ್ರಿಪ್ಟ್‌ಗೆ ಡಿಎಲ್‌ಎಲ್ಲೂ ಬೇಡ, ಏನೂ ಬೇಡ. ಅಲಂಕಾರ ಆಫ್ ಮಾಡುವ ಒಂದು ಆಯ್ಕೆ ಕೊಟ್ಟು, ಮುಖ್ಯ ಹಂತಕ್ಕೊಂದು ಸಾಲು ಮುದ್ರಿಸಿದರೆ ಮುಗಿಯಿತು.

ಏನು ಹೇಳಬೇಕು ಅನ್ನುವುದಕ್ಕೆ ಬರೋಣ. ಮತ್ತೆ ಹೆಸರು ಬದಲಿಸುವ ಸ್ಕ್ರಿಪ್ಟ್. ಹೀಗೆ ಹೇಳಬಹುದು: ‘ನಿಮ್ಮ ಫೈಲ್‌ಗಳ ಹೆಸರು ಬದಲಾಯಿಸುವ ಕಾರ್ಯ ಪೂರ್ಣಗೊಂಡಿದೆ. ಒಟ್ಟು 200 ಫೈಲ್‌ಗಳಲ್ಲಿ 197 ಫೈಲ್‌ಗಳ ಹೆಸರು ಯಶಸ್ವಿಯಾಗಿ ಬದಲಾಗಿದೆ, 3 ಫೈಲ್‌ಗಳು ಬದಲಾಗಿಲ್ಲ.’ ಅಥವಾ ಹೀಗೆ: ‘3 ಉಳಿದವು, 197 ಆಯ್ತು.’ ಎರಡರಲ್ಲೂ ಇರುವ ಸುದ್ದಿ ಒಂದೇ. ಮೊದಲನೆಯದರಲ್ಲಿ ಬೇಕಾದ ಸಂಖ್ಯೆ ಕೊನೆಯಲ್ಲಿ ಕೂತಿದೆ. ಕೇಳುವವರು ‘ಪೂರ್ಣಗೊಂಡಿದೆ’ ಅನ್ನುತ್ತಲೇ ಮುಂದಿನ ಕೀ ಒತ್ತಿಬಿಡುತ್ತಾರೆ, ಮಾತು ನಿಲ್ಲುತ್ತದೆ, ಮೂರು ಫೈಲ್ ಉಳಿದದ್ದು ಗೊತ್ತೇ ಆಗುವುದಿಲ್ಲ. ಕಿವಿಗೆ ಬರೆಯುವಾಗ ಮೊದಲ ಎರಡು ಪದದಲ್ಲೇ ಸುದ್ದಿ ಇರಬೇಕು. ಬೇರೆ ಬೇರೆ ಸಂದೇಶಗಳ ಮೊದಲ ಪದವೂ ಬೇರೆ ಬೇರೆ ಇರಲಿ. ಎಲ್ಲವೂ ‘ಸ್ಕ್ರಿಪ್ಟ್’ ಅಂತ ಶುರುವಾದರೆ ಪ್ರತಿ ಸಲ ಆ ಪದ ದಾಟಲು ಕಾಯಬೇಕು.

ಶುರುವಾದಾಗಲೂ ಹೇಳಬೇಕಾ? ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದಾದರೆ ಬೇಡ, ಫಲಿತಾಂಶ ಸಾಕು. ಎರಡು ಮೂರು ಸೆಕೆಂಡ್ ದಾಟುವುದಾದರೆ ‘ಶುರು’ ಅನ್ನುವ ಒಂದು ಪದ ಇರಲಿ. ನಿಮಿಷಗಟ್ಟಲೆ ಓಡುವುದಾದರೆ ನಡುನಡುವೆ ತಾನಾಗಿ ಹೇಳುವ ಬದಲು, ‘ಎಲ್ಲಿಗೆ ಬಂತು’ ಅಂತ ಕೇಳಲು ಬೇರೆ ಹಾಟ್‌ಕೀ ಕೊಡಿ. ಕೆಟ್ಟದ್ದನ್ನು ಮಾತ್ರ ಎಂದೂ ನುಂಗಬೇಡಿ. ಎರರ್ ಬಂದರೆ ಸುಮ್ಮನೆ ವಾಪಸ್ ಹೋಗುವ ಸಾಲುಗಳು ನಮ್ಮ ಸ್ಕ್ರಿಪ್ಟ್‌ಗಳಲ್ಲಿ ಬೇಕಾದಷ್ಟಿರುತ್ತವೆ. ಪರದೆ ನೋಡುವವರು ‘ಏನೂ ಆಗಲಿಲ್ಲ’ ಅಂತ ಕಂಡುಕೊಳ್ಳುತ್ತಾರೆ, ಕೇಳುವವರು ‘ಮುಗಿಯಿತೇನೋ’ ಅಂದುಕೊಂಡು ಮುಂದೆ ಹೋಗುತ್ತಾರೆ. ಕೆಲವು ಕಡೆ ಮಾತಿಗಿಂತ ಒಂದು ಸಣ್ಣ ದನಿ ಚೆನ್ನ. ಆನ್ ಆದರೆ ಏರುವ ಬೀಪ್, ಆಫ್ ಆದರೆ ಇಳಿಯುವ ಬೀಪ್. ಆದರೆ ಬೀಪ್ ಬ್ರೈಲ್‌ಗೆ ಹೋಗುವುದಿಲ್ಲ. ಹಾಗಾಗಿ ಬ್ರೈಲ್ ಸಂದೇಶ ಜೊತೆಗೇ ಕಳಿಸಿ.

ಬ್ರೈಲ್ ಬಗ್ಗೆ ಎರಡೇ ಮಾತು. ಎನ್‌ವಿಡಿಎಯಲ್ಲಿ ಮಾತಿನ ಫಂಕ್ಷನ್ ಕರೆದರೆ ಬ್ರೈಲ್‌ಗೂ ಹೋಯಿತು ಅಂದುಕೊಳ್ಳಬೇಡಿ, ಅದನ್ನು ಬೇರೆ ಕರೆಯಬೇಕು. ಆ ಸಂದೇಶ ಡಿಸ್‌ಪ್ಲೇ ಮೇಲೆ ಸ್ವಲ್ಪ ಹೊತ್ತು ಮಾತ್ರ ಇರುತ್ತದೆ, ಮೊದಲಿನ ಸೆಟ್ಟಿಂಗ್‌ನಲ್ಲಿ 4 ಸೆಕೆಂಡ್. ಡಿಸ್‌ಪ್ಲೇಯ ಅಗಲ ಎಷ್ಟೋ ಸಲ 40 ಅಕ್ಷರ, ಅದಕ್ಕಿಂತ ಚಿಕ್ಕವೂ ಇವೆ. ‘3 ಉಳಿದವು, 197 ಆಯ್ತು’ ಅನ್ನುವುದು ಒಂದೇ ಸಾಲಿನಲ್ಲಿ ಕೂರುತ್ತದೆ.

ಮಾತು ಒಮ್ಮೆ ಹೋದರೆ ಹೋಯಿತು. ಕೆಮ್ಮು ಬಂತು, ಯಾರೋ ಕರೆದರು, ಮುಗಿಯಿತು. ಅದಕ್ಕೇ ಕೊನೆಯ ಸಂದೇಶವನ್ನು ಸ್ಕ್ರಿಪ್ಟ್ ನೆನಪಿಟ್ಟುಕೊಂಡು, ಒಂದು ಹಾಟ್‌ಕೀಗೆ ಮತ್ತೆ ಹೇಳುವ ಹಾಗಿರಬೇಕು. ಎರಡು ಸಲ ಒತ್ತಿದರೆ ಕ್ಲಿಪ್‌ಬೋರ್ಡ್‌ಗೆ ಹಾಕುವ ಹಾಗೂ ಮಾಡಬಹುದು. ಮಾಡಲು ಹತ್ತು ಸಾಲು ಬೇಡ, ಆದರೆ ಬಳಸುವವರು ಅತಿ ಹೆಚ್ಚು ಮೆಚ್ಚುವುದು ಇದನ್ನೇ ಅಂತ ನನ್ನ ಅನಿಸಿಕೆ. ಒಂದು ಎಚ್ಚರ. ಕ್ಲಿಪ್‌ಬೋರ್ಡ್‌ನಲ್ಲಿರುವುದನ್ನೆಲ್ಲ ಗಟ್ಟಿಯಾಗಿ ಓದುವ ಸ್ಕ್ರಿಪ್ಟ್ ಒಂದು ದಿನ ಪಾಸ್‌ವರ್ಡನ್ನೂ ಸ್ಪೀಕರ್‌ನಲ್ಲಿ ಓದುತ್ತದೆ. ‘14 ಅಕ್ಷರ ಕಾಪಿ ಆಯ್ತು’ ಅಂದರೆ ಸಾಕು.

ಪರೀಕ್ಷೆ ಮಾಡಲು ಕಣ್ಣು ಕಾಣುವವರಿಗೆ ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಇದೆ. ಹೇಳಲು ಕೊಟ್ಟಿದ್ದೆಲ್ಲ ಅಕ್ಷರವಾಗಿ ಬೀಳುತ್ತದೆ. ಆದರೆ ಒಂದು ಮಾತು ನಡುವೆ ಕತ್ತರಿಸಿಹೋಯಿತು ಅನ್ನುವುದು ಅಲ್ಲಿ ಕಾಣುವುದಿಲ್ಲ. ಪೂರ್ತಿ ವಾಕ್ಯವೇ ಇರುತ್ತದೆ. ಅದಕ್ಕೇ ವ್ಯೂವರ್ ಮುಚ್ಚಿ, ಪರದೆಯನ್ನೂ ಆರಿಸಿ, ಕಿವಿಯಲ್ಲೇ ಒಮ್ಮೆ ಓಡಿಸಿ. ಸರಿಹೋಗುವ ಓಟವನ್ನಷ್ಟೇ ಅಲ್ಲ, ಕೆಡುವ ಓಟವನ್ನೂ ನೋಡಿ. ಹೆಸರು ಬದಲಿಸುವ ಸ್ಕ್ರಿಪ್ಟ್ ಆದರೆ ಒಂದು ಫೈಲನ್ನು ಬೇರೆ ಪ್ರೋಗ್ರಾಂನಲ್ಲಿ ತೆರೆದಿಟ್ಟು, ಇನ್ನೊಂದಕ್ಕೆ ಆಗಲೇ ಇರುವ ಹೆಸರು ಬರುವಂತೆ ಮಾಡಿ ಓಡಿಸಿ. ಎನ್‌ವಿಡಿಎ ಮುಚ್ಚಿ ಇನ್ನೊಮ್ಮೆ, ನರೇಟರ್ ಹಚ್ಚಿ ಮತ್ತೊಮ್ಮೆ. ಸ್ಕ್ರಿಪ್ಟ್ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುವುದಾದರೆ ಅದನ್ನು ಬೇರೆಯಾಗಿ ನೋಡಿ. ಆಗ ಏಳುವ ಅನುಮತಿ ಪೆಟ್ಟಿಗೆ ಸಾಮಾನ್ಯವಾಗಿ ವಿಂಡೋಸ್‌ನ ಬೇರೆಯದೇ ಸುರಕ್ಷಿತ ಡೆಸ್ಕ್‌ಟಾಪ್‌ನಲ್ಲಿ ಇರುತ್ತದೆ, ಅಲ್ಲಿ ಓಡುವುದು ಎನ್‌ವಿಡಿಎಯ ಇನ್ನೊಂದು ಪ್ರತಿ. ನಿಮ್ಮ ಸ್ಕ್ರಿಪ್ಟ್‌ನ ಮಾತು ಅದಕ್ಕೆ ತಲುಪುವುದಿಲ್ಲ. ‘ಈಗ ಅನುಮತಿ ಕೇಳುತ್ತದೆ’ ಅನ್ನುವುದನ್ನು ಪೆಟ್ಟಿಗೆ ಏಳುವ ಮುಂಚೆಯೇ ಹೇಳಿ ಮುಗಿಸಿರಬೇಕು.